ಆರ್‌ನಲ್ಲಿ ಸೆನ್ಸಿಟಿವಿಟಿ ಅನಾಲಿಸಿಸ್: ಕಬ್ಬಿನ ನೀರಿನ ಲೆಕ್ಕ ಹಚ್ಚಿ ನೋಡಿದ ವಿಮರ್ಶೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ಎಂ.ಟೆಕ್., ಪಿಎಚ್.ಡಿ. ಮಾಡುವವರ ವಿಷಯಗಳನ್ನು ನೋಡಿದರೆ ನೀರು ಬಿಟ್ಟು ಮಾತೇ ಇಲ್ಲ. ಘಟಪ್ರಭಾ, ಮಲಪ್ರಭಾ ಕಣಿವೆಯ ಹರಿವು, ಕಾಲುವೆಯ ಸೋರಿಕೆ, ಮುಧೋಳ–ಜಮಖಂಡಿ ಕಡೆಯ ಕಬ್ಬಿಗೆ ಬೇಕಾದ ನೀರು, ವಿಜಯಪುರದ ದ್ರಾಕ್ಷಿ ತೋಟದ ಹನಿ ನೀರಾವರಿ. ಪ್ರತಿಯೊಂದಕ್ಕೂ ಒಂದು ಗಣಿತದ ಮಾಡೆಲ್ ಇರುತ್ತದೆ, ಪ್ರತಿ ಮಾಡೆಲ್‌ಗೂ ಹತ್ತಿಪ್ಪತ್ತು ಇನ್‌ಪುಟ್ ಇರುತ್ತವೆ. ವೈವಾದಲ್ಲಿ ಬರುವ ಪ್ರಶ್ನೆಯೂ ಒಂದೇ: ನಿಮ್ಮ ಉತ್ತರ ಇವುಗಳಲ್ಲಿ ಯಾವುದರ ಮೇಲೆ ನಿಂತಿದೆ, ಯಾವುದನ್ನು ಇನ್ನಷ್ಟು ಸರಿಯಾಗಿ ಅಳೆದರೆ ಉತ್ತರ ಗಟ್ಟಿಯಾಗುತ್ತದೆ? ಸೆನ್ಸಿಟಿವಿಟಿ ಅನಾಲಿಸಿಸ್ ಇರುವುದು ಈ ಪ್ರಶ್ನೆಗಾಗಿ. ಅದನ್ನು ಮಾಡಲು ಅಂಕಿಅಂಶದ ಕೆಲಸಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಸೆನ್ಸಿಟಿವಿಟಿ’ ಪ್ಯಾಕೇಜ್ (ಸಿದ್ಧ ಫಂಕ್ಷನ್‌ಗಳ ಕಟ್ಟು) ಎಷ್ಟರ ಮಟ್ಟಿಗೆ ಆಗುತ್ತದೆ ಎಂಬುದು ಇಲ್ಲಿಯ ವಿಚಾರ. ಜೊತೆಗೆ ಆರ್‌ನಲ್ಲೇ ಇರುವ ‘ಸೆನ್ಸೋಬೊಲ್’, ಪೈಥಾನ್‌ನ ‘ಸಾಲಿಬ್’ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ದೇವೆ.

ತೀರ್ಪು ಮೊದಲೇ ಹೇಳಿಬಿಡಬಹುದು. ವಿಧಾನಗಳ ಸಂಖ್ಯೆಯಲ್ಲಿ ಈ ಪ್ಯಾಕೇಜನ್ನು ಉಳಿದೆರಡು ಮುಟ್ಟುವುದಿಲ್ಲ, ಒಂದು ರೂಪಾಯಿ ಖರ್ಚಿಲ್ಲ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಆದರೆ ಕೈಹಿಡಿದು ನಡೆಸುವ ಗುಣ ಇದಕ್ಕಿಲ್ಲ. ತಪ್ಪು ಕೊಟ್ಟರೆ ಆ ತಪ್ಪನ್ನೇ ಅಚ್ಚುಕಟ್ಟಾದ ಕೋಷ್ಟಕ ಮಾಡಿ ವಾಪಸ್ ಕೊಡುತ್ತದೆ. ಹಾಗಾಗಿ ಇದನ್ನು ಬಳಸುವವರು ಮೊದಲು ಉತ್ತರ ಗೊತ್ತಿರುವ ಒಂದು ಸಣ್ಣ ಲೆಕ್ಕ ಕೊಟ್ಟು ಪರೀಕ್ಷಿಸಿ, ಆಮೇಲೆ ತಮ್ಮ ದೊಡ್ಡ ಮಾಡೆಲ್‌ಗೆ ಹೋಗಬೇಕು. ಈ ವಿಮರ್ಶೆಯೂ ಅದೇ ದಾರಿ ಹಿಡಿದಿದೆ.

ಪರೀಕ್ಷೆಗೆ ಹಿಡಿದ ಲೆಕ್ಕ ಇಲ್ಲಿಯ ಯಾವ ರೈತರಿಗೂ ಅರ್ಥವಾಗುವಂಥದ್ದು: ಒಂದು ಎಕರೆ ಬೆಳೆದು ನಿಂತ ಕಬ್ಬಿಗೆ ದಿನಕ್ಕೆ ಎಷ್ಟು ಲೀಟರ್ ನೀರು ಬಿಡಬೇಕು? ಆ ದಿನದ ಹವೆ ಎಳೆಯುವ ನೀರನ್ನು, ಅಂದರೆ ರೆಫರೆನ್ಸ್ ಇಟಿಯನ್ನು ಮಿಲಿಮೀಟರ್‌ನಲ್ಲಿ ತಗೊಂಡು, ಬೆಳೆ ಗುಣಾಂಕದಿಂದ (ಈ ಬೆಳೆ ಅದರ ಎಷ್ಟು ಪಟ್ಟು ನೀರು ಎಳೆಯುತ್ತದೆ ಎಂಬ ಅಂಕಿ) ಗುಣಿಸಿ, ನೀರಾವರಿಯ ದಕ್ಷತೆಯಿಂದ (ಬಿಟ್ಟ ನೀರಿನಲ್ಲಿ ಬೆಳೆಗೆ ಸಿಗುವ ಪಾಲು) ಭಾಗಿಸಿ, 4,047ರಿಂದ ಗುಣಿಸಬೇಕು. ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ 4,047 ಲೀಟರ್ ಆಗುತ್ತದೆ. ಆ ಕೊನೆಯ ಅಂಕಿ ಅಲ್ಲಿಂದ ಬಂದದ್ದು. ಇನ್‌ಪುಟ್ ಮೂರು. ಇಟಿ 4ರಿಂದ 8 ಮಿ.ಮೀ.; ಬೆಳೆ ಗುಣಾಂಕ 1.0ರಿಂದ 1.3 (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಕೊಟ್ಟ ಕೋಷ್ಟಕದಲ್ಲಿ ನಡುಹಂತದ ಕಬ್ಬಿಗೆ 1.25 ಇದೆ), ದಕ್ಷತೆ 0.5ರಿಂದ 0.9, ಅಂದರೆ ಸಾಲಿಗೆ ನೀರು ಹಾಯಿಸುವುದರಿಂದ ಹಿಡಿದು ಡ್ರಿಪ್‌ವರೆಗೆ. ಮೂರೂ ಯೂನಿಫಾರ್ಮ್, ಅಂದರೆ ಆ ಮಿತಿಯೊಳಗೆ ಯಾವ ಬೆಲೆಗೂ ಸಮಾನ ಅವಕಾಶ. ಸರಾಸರಿ ದಿನಕ್ಕೆ ಸುಮಾರು 41,000 ಲೀಟರ್ ಬರುತ್ತದೆ.

ಈಗ ಇದನ್ನೇ ನಮ್ಮ ಕಡೆಯ ಬಹಳಷ್ಟು ಥೀಸಿಸ್‌ಗಳಲ್ಲಿ ಮಾಡುವಂತೆ ಎಕ್ಸೆಲ್‌ನಲ್ಲಿ ಮಾಡಿ ನೋಡಿ. ಒಂದೊಂದೇ ಇನ್‌ಪುಟ್ಟನ್ನು ಶೇಕಡಾ 10 ಮೇಲೆ, ಶೇಕಡಾ 10 ಕೆಳಗೆ ಸರಿಸಿ, ಪರಿಣಾಮವನ್ನು ಅಡ್ಡ ಪಟ್ಟಿಗಳಲ್ಲಿ ತೋರಿಸುವ ಟಾರ್ನೆಡೊ ಚಾರ್ಟ್ ತೆಗೆಯುವುದು. ಇಟಿ ಶೇ. 10 ಏರಿದರೆ ನೀರು ಶೇ. 10 ಏರುತ್ತದೆ. ಬೆಳೆ ಗುಣಾಂಕ ಶೇ. 10 ಏರಿದರೂ ಶೇ. 10. ದಕ್ಷತೆ ಶೇ. 10 ಏರಿದರೆ ನೀರು ಶೇ. 9.1 ಇಳಿಯುತ್ತದೆ, ದಕ್ಷತೆ ಶೇ. 10 ಇಳಿದರೆ ನೀರು ಶೇ. 11.1 ಏರುತ್ತದೆ. ಚಾರ್ಟ್‌ನಲ್ಲಿ ಮೂರು ಪಟ್ಟಿಗಳೂ ಹೆಚ್ಚುಕಡಿಮೆ ಸಮ. ಅದನ್ನು ನೋಡಿ ‘ಮೂರೂ ಇನ್‌ಪುಟ್ ಸಮಾನವಾಗಿ ಮುಖ್ಯ’ ಎಂದು ಬರೆದುಬಿಟ್ಟರೆ ಅದು ಶುದ್ಧ ತಪ್ಪು. ಬೆಳೆ ಗುಣಾಂಕದ ಬಗ್ಗೆ ನಮಗಿರುವ ಅನಿಶ್ಚಿತತೆ ಅದರ ಸರಾಸರಿಯ ಎರಡೂ ಕಡೆ ಶೇ. 13 ಮಾತ್ರ, ಇಟಿಯದು ಶೇ. 33. ಎರಡಕ್ಕೂ ಒಂದೇ ಶೇ. 10ರ ಅಳತೆಗೋಲು ಹಿಡಿದರೆ ಆ ವ್ಯತ್ಯಾಸವೇ ಮಾಯ.

ಸೋಬೊಲ್ ವಿಧಾನ ಬೇರೆ ಪ್ರಶ್ನೆ ಕೇಳುತ್ತದೆ: ಉತ್ತರದ ಒಟ್ಟು ಏರಿಳಿತದಲ್ಲಿ, ಅಂದರೆ ವೇರಿಯನ್ಸ್‌ನಲ್ಲಿ, ಯಾವ ಇನ್‌ಪುಟ್ಟಿನ ಪಾಲು ಎಷ್ಟು? ಇನ್‌ಪುಟ್ಟುಗಳು ಬರೇ ಗುಣಾಕಾರ, ಭಾಗಾಕಾರದಲ್ಲಿ ಸೇರಿರುವ ಇಂಥ ಮಾಡೆಲ್‌ಗೆ ಇದನ್ನು ಕಾಗದದ ಮೇಲೆಯೇ ಮಾಡಬಹುದು. ಪ್ರತಿ ಅಂಶದ ವೇರಿಯನ್ಸನ್ನು ಅದರ ಸರಾಸರಿಯ ವರ್ಗದಿಂದ ಭಾಗಿಸಿ, ಇಟಿಗೆ 0.0370, ಗುಣಾಂಕಕ್ಕೆ 0.0057 ಬರುತ್ತದೆ. ದಕ್ಷತೆ ಛೇದದಲ್ಲಿ ಇರುವುದರಿಂದ ಅದರ ವಿಲೋಮ ತಗೊಂಡು ಇದೇ ಲೆಕ್ಕ ಮಾಡಬೇಕು, 0.0291 ಬರುತ್ತದೆ. ಮೂರಕ್ಕೂ ಒಂದೊಂದು ಕೂಡಿಸಿ, ಗುಣಿಸಿ, ಒಂದು ಕಳೆದರೆ 0.0733. ಇದು ಒಟ್ಟು. ಒಂದೊಂದನ್ನೂ ಒಟ್ಟಿನಿಂದ ಭಾಗಿಸಿದರೆ ಫಸ್ಟ್ ಆರ್ಡರ್ ಇಂಡೆಕ್ಸ್, ಅಂದರೆ ಆ ಇನ್‌ಪುಟ್ ಒಂದರದೇ ಪಾಲು ಸಿಗುತ್ತದೆ: ಇಟಿ 0.505, ದಕ್ಷತೆ 0.397, ಬೆಳೆ ಗುಣಾಂಕ 0.077. ಮೂರೂ ಕೂಡಿ 0.98. ಉಳಿದ 0.02 ಇನ್‌ಪುಟ್ಟುಗಳು ಒಂದಕ್ಕೊಂದು ಕೂಡಿ ಮಾಡುವ ಪರಿಣಾಮ. ಆ ಕೂಡುಪರಿಣಾಮವನ್ನೂ ಸೇರಿಸಿದ ಟೋಟಲ್ ಇಂಡೆಕ್ಸ್ ಕ್ರಮವಾಗಿ 0.523, 0.414, 0.083. ಟಾರ್ನೆಡೊ ಚಾರ್ಟ್ ಸಮಸಮ ಎಂದ ಬೆಳೆ ಗುಣಾಂಕ ಇಲ್ಲಿ ಶೇಕಡಾ 8ಕ್ಕೆ ಕುಸಿದಿದೆ.

ಈ ಆರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪ್ಯಾಕೇಜ್ ಹಾಕಿಕೊಂಡ ಮೇಲೆ ಮಾಡಬೇಕಾದ ಮೊದಲ ಕೆಲಸ, ಇದೇ ಮಾಡೆಲ್ ಕೊಟ್ಟು ಈ ಅಂಕಿಗಳು ಬರುತ್ತವೆಯೋ ಇಲ್ಲವೋ ನೋಡುವುದು. ಸ್ಯಾಂಪಲ್ ಗಾತ್ರ (ಮಿತಿಯೊಳಗಿಂದ ಯಾದೃಚ್ಛಿಕವಾಗಿ ಆಯ್ದ ಇನ್‌ಪುಟ್ ಸಾಲುಗಳ ಸಂಖ್ಯೆ) 10,000 ಇಟ್ಟಾಗ ಯಾವುದಾದರೂ ಇಂಡೆಕ್ಸ್ 0.05ಕ್ಕಿಂತ ದೂರ ಹೋದರೆ ತಪ್ಪು ನಿಮ್ಮ ಕೋಡ್‌ನಲ್ಲಿದೆ, ಸ್ಯಾಂಪಲ್‌ನಲ್ಲಿ ಅಲ್ಲ.

ಇನ್‌ಸ್ಟಾಲ್ ಮಾಡುವುದು ಕಷ್ಟವಲ್ಲ. ಆರ್‌ನ 1.0.0 ಆವೃತ್ತಿ 2000ದ ಫೆಬ್ರುವರಿ 29ರಂದು ಬಂತು. ಅಂದಿನಿಂದ ಇಂದಿನವರೆಗೆ ಉಚಿತವಾಗಿಯೇ ಉಳಿದಿದೆ. ಪ್ಯಾಕೇಜ್ ಕೂಡ ಸಿರಾನ್ ಎಂಬ ಅದರ ಅಧಿಕೃತ ಭಂಡಾರದಲ್ಲಿಯೇ ಇದೆ. ವಿಂಡೋಸ್‌ನಲ್ಲಿ ಹಾಕುವಾಗ ‘ಸೋರ್ಸ್‌ನಿಂದ ಕಂಪೈಲ್ ಮಾಡಲೇ’ ಎಂದು ಕೇಳಿದರೆ ‘ನೋ’ ಕೊಡಿ. ‘ಯೆಸ್’ ಕೊಟ್ಟವರಿಗೆ ಕಂಪೈಲ್ ಮಾಡಲು ಬೇಕಾದ ಆರ್‌ಟೂಲ್ಸ್ ಇಲ್ಲವೆಂದು ಕೆಂಪು ಅಕ್ಷರದ ಸಾಲುಗಳು ಬಂದು, ಪ್ಯಾಕೇಜೇ ಕೆಟ್ಟಿದೆ ಎಂದು ಬಿಟ್ಟುಬಿಡುವುದುಂಟು. ಕಾಲೇಜಿನ ಪ್ರಾಕ್ಸಿ ತಡೆದರೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಒಮ್ಮೆ ಇಳಿಸಿಕೊಂಡರೆ ಸಾಕು, ಆಮೇಲೆ ನೆಟ್ ಬೇಕಿಲ್ಲ.

ಪ್ಯಾಕೇಜಿನ ನಿಜವಾದ ಶಕ್ತಿ ಅದರ ಎರಡು ಹಂತದ ರಚನೆ. ಮೊದಲ ಹಂತದಲ್ಲಿ ‘ಮಾಡೆಲ್ ಇಲ್ಲ’ ಎಂದು ಹೇಳಿ, ಅಂದರೆ ಆ ಜಾಗದಲ್ಲಿ ನಲ್ ಕೊಟ್ಟು, ಬರೇ ಇನ್‌ಪುಟ್‌ಗಳ ಪಟ್ಟಿಯನ್ನು ಪಡೆಯಬಹುದು. ಆ ಪಟ್ಟಿಯ ಸಾಲು ಸಾಲನ್ನೂ ನಿಮ್ಮ ಮಾಡೆಲ್‌ಗೆ, ಅದು ನದಿ ಕಣಿವೆಯ ಹರಿವಿನ ಸ್ವಾಟ್ ಇರಲಿ, ಬೆಳೆ–ನೀರಿನ ಆಕ್ವಾಕ್ರಾಪ್ ಇರಲಿ, ಫೋರ್ಟ್ರಾನ್‌ನ ಹಳೆಯ ಪ್ರೋಗ್ರಾಂ ಇರಲಿ, ಕೊಟ್ಟು ಉತ್ತರಗಳನ್ನು ಒಂದು ಕಾಲಂನಲ್ಲಿ ಕೂಡಿಡಿ. ಎರಡನೇ ಹಂತದಲ್ಲಿ ‘ಟೆಲ್’ ಎಂಬ ಫಂಕ್ಷನ್‌ಗೆ ಆ ಕಾಲಂ ಕೊಟ್ಟರೆ ಇಂಡೆಕ್ಸ್‌ಗಳು ಸಿದ್ಧ. ಮಾಡೆಲ್ ಆರ್‌ನಲ್ಲೇ ಇರಬೇಕೆಂಬ ಹಂಗಿಲ್ಲ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಿನಲ್ಲಿ ಇದು ದೊಡ್ಡ ಅನುಕೂಲ. ಪಟ್ಟಿಯನ್ನು ಆರ್‌ನದೇ ಆರ್‌ಡಿಎಸ್ ಫೈಲಾಗಿ ಸೇವ್ ಮಾಡಿ, ಇನ್ನೂರು ಇನ್ನೂರು ಸಾಲಿನ ಕಂತಿನಲ್ಲಿ ಓಡಿಸಿ, ಪ್ರತಿ ಕಂತಿನ ಉತ್ತರವನ್ನೂ ಬೇರೆ ಫೈಲಿಗೆ ಬರೆದರೆ ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದುವರಿಸಬಹುದು.

ಆದರೆ ಇಲ್ಲೇ ಒಂದು ಮೋಸವೂ ಅಡಗಿದೆ. ಪಟ್ಟಿಯ ಸಾಲುಗಳ ಕ್ರಮವೇ ಈ ವಿಧಾನದ ಜೀವ. ಯಾರಾದರೂ ಆ ಪಟ್ಟಿಯ ಇಲ್ಲವೇ ಉತ್ತರಗಳ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಯಾವುದೋ ಕಾಲಂ ಮೇಲೆ ಸಾರ್ಟ್ ಮಾಡಿ ಸೇವ್ ಮಾಡಿದರೆ, ‘ಟೆಲ್’ ತಕರಾರು ಮಾಡದೆ ಉತ್ತರ ಕೊಡುತ್ತದೆ, ಆ ಉತ್ತರಕ್ಕೆ ಅರ್ಥವಿರುವುದಿಲ್ಲ. ಅದಕ್ಕೇ ಮೊದಲ ಕಾಲಂನಲ್ಲಿ ಒಂದು ಕ್ರಮಸಂಖ್ಯೆ ಇಟ್ಟು, ‘ಟೆಲ್’ಗೆ ಕೊಡುವ ಮುಂಚೆ ಆ ಸಂಖ್ಯೆ ಒಂದರಿಂದ ಕೊನೆಯವರೆಗೆ ಸರಿಯಾಗಿದೆಯೇ ಎಂದು ಒಂದು ಸಾಲಿನ ಕೋಡ್‌ನಲ್ಲಿ ಪರೀಕ್ಷಿಸಿ. ಹಾಗೆಯೇ ಕೆಲವು ಸಾಲುಗಳಲ್ಲಿ ಮಾಡೆಲ್ ಕೆಟ್ಟು ಉತ್ತರ ಖಾಲಿ ಬಂದರೆ ಆ ಸಾಲುಗಳನ್ನಷ್ಟೇ ಅಳಿಸಿ ಮುಂದೆ ಹೋಗುವಂತಿಲ್ಲ. ಸೋಬೊಲ್ ಪಟ್ಟಿಯಲ್ಲಿ ಒಂದು ಮೂಲ ಸಾಲಿಗೆ ಸಂಬಂಧಿಸಿದ ಸಾಲುಗಳು ಪ್ರತಿ ಬ್ಲಾಕ್‌ನಲ್ಲೂ (ಒಂದೊಂದು ಇನ್‌ಪುಟ್ಟನ್ನು ಅದಲುಬದಲು ಮಾಡಿ ಜೋಡಿಸಿದ ಭಾಗ) ಒಂದೊಂದು ಇರುತ್ತವೆ. ತೆಗೆದರೆ ಆ ಇಡೀ ಗುಂಪನ್ನೇ ತೆಗೆಯಬೇಕು. ಅದಕ್ಕಿಂತ ಮಾಡೆಲ್ ಯಾವ ಮೂಲೆಯಲ್ಲಿ ಕೆಡುತ್ತದೆ ಎಂದು ಹುಡುಕಿ ಆ ಮಿತಿಯನ್ನು ಸರಿಪಡಿಸುವುದೇ ಮೇಲು.

ಮಾಡೆಲ್ ಆರ್‌ನಲ್ಲೇ ಬರೆದಿದ್ದರೆ ಎಚ್ಚರ ಬೇಕಾದ ಜಾಗ ಬೇರೆ. ಪ್ಯಾಕೇಜ್ ನಿಮ್ಮ ಫಂಕ್ಷನ್‌ಗೆ ಒಂದೊಂದೇ ಸಾಲು ಕೊಡುವುದಿಲ್ಲ, ಇಡೀ ಕೋಷ್ಟಕವನ್ನೇ ಒಮ್ಮೆಲೇ ಕೊಡುತ್ತದೆ. ಅಷ್ಟೇ ಉದ್ದದ ಉತ್ತರ ಬಯಸುತ್ತದೆ. ಕಬ್ಬಿನ ಲೆಕ್ಕಕ್ಕೆ ಮಳೆ ಸೇರಿಸಿ, ‘ಮಳೆ ಹೆಚ್ಚಾದರೆ ಬೇಕಾದ ನೀರು ಸೊನ್ನೆಗಿಂತ ಕೆಳಗೆ ಇಳಿಯಬಾರದು’ ಎಂದು ಬರೆಯುವಾಗ ಬಹುಮಂದಿ ‘ಮ್ಯಾಕ್ಸ್’ ಬಳಸುತ್ತಾರೆ. ಆರ್‌ನ ‘ಮ್ಯಾಕ್ಸ್’ ಇಡೀ ಕಾಲಂಗೆ ಸೇರಿ ಒಂದೇ ಒಂದು ದೊಡ್ಡ ಸಂಖ್ಯೆ ಕೊಡುತ್ತದೆ. ಅದನ್ನು ಮುಂದೆ ಬೇರೆ ಕಾಲಂ ಜೊತೆ ಕೂಡಿಸಿದರೆ ಎಲ್ಲ ಸಾಲಿಗೂ ಅದೇ ಸಂಖ್ಯೆ ಹಂಚಿಹೋಗುತ್ತದೆ, ಯಾವ ಎರರ್ರೂ ಬರುವುದಿಲ್ಲ. ಬೇಕಾದದ್ದು ‘ಪಿಮ್ಯಾಕ್ಸ್’, ಅದು ಸಾಲು ಸಾಲಿಗೂ ಬೇರೆ ಉತ್ತರ ಕೊಡುತ್ತದೆ. ‘ಇಫ್’ ಬದಲು ‘ಇಫ್‌ಎಲ್ಸ್’ ಬಳಸುವುದೂ ಇದೇ ಕಾರಣಕ್ಕೆ. ಆರ್‌ನ 4.2.0 ಆವೃತ್ತಿಯಿಂದ ‘ಇಫ್’ಗೆ ಇಡೀ ಕಾಲಂ ಕೊಟ್ಟರೆ ಎರರ್ ಬಂದು ನಿಲ್ಲುತ್ತದೆ, ಹಳೆಯ ಆವೃತ್ತಿಗಳಲ್ಲಿ ಬರೇ ಎಚ್ಚರಿಕೆ ಕೊಟ್ಟು ಮೊದಲ ಸಾಲನ್ನು ಮಾತ್ರ ನೋಡುತ್ತಿತ್ತು. ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ ಹಳೆಯ ಆರ್ ಇದ್ದರೆ ಇದೊಂದೇ ಕಾರಣಕ್ಕೆ ಹೊಸದು ಹಾಕಿಸಿಕೊಳ್ಳುವುದು ಒಳ್ಳೆಯದು.

ಸೋಬೊಲ್‌ಗೆ ಎರಡು ಸ್ವತಂತ್ರ ಸ್ಯಾಂಪಲ್ ಕೋಷ್ಟಕ ಬೇಕು. ಎರಡನ್ನೂ ಒಂದೇ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸಾಲು ಶುರುವಾಗುವ ಅಂಕಿ) ಇಟ್ಟು ಹುಟ್ಟಿಸಿದರೆ ಎರಡೂ ಅವಳಿಜವಳಿ ಆಗಿಬಿಡುತ್ತವೆ. ಆಗ ‘ಸೋಬೊಲ್‌ಜಾನ್ಸೆನ್’ ಫಂಕ್ಷನ್ ಎಲ್ಲ ಇನ್‌ಪುಟ್‌ಗೂ ಫಸ್ಟ್ ಆರ್ಡರ್ 1, ಟೋಟಲ್ 0 ಎಂದು ತೋರಿಸುತ್ತದೆ. ಈ ಒಂದು–ಸೊನ್ನೆಯ ಗುರುತು ಕಂಡ ತಕ್ಷಣ ಸೀಡ್ ಇರುವ ಸಾಲು ನೋಡಿ. ಸೀಡನ್ನು ಸ್ಕ್ರಿಪ್ಟಿನ ಮೇಲ್ಗಡೆ ಒಮ್ಮೆ ಮಾತ್ರ ಇಡಬೇಕು.

ಯಾವ ಫಂಕ್ಷನ್ ಆಯ್ದುಕೊಳ್ಳಬೇಕು ಎಂಬಲ್ಲಿ ಪ್ಯಾಕೇಜ್ ನಿಜಕ್ಕೂ ಗೊಂದಲ ಮಾಡುತ್ತದೆ, ಇದು ಇದರ ದೊಡ್ಡ ಕುಂದು. ಸೋಬೊಲ್ ಹೆಸರಿನಿಂದ ಶುರುವಾಗುವ ಫಂಕ್ಷನ್‌ಗಳೇ ಹತ್ತಕ್ಕೂ ಹೆಚ್ಚು. ಸಹಾಯ ಪುಟಗಳು ಸೂತ್ರ ಬಲ್ಲವರಿಗಾಗಿ ಬರೆದವು. ಹೊಸಬರಿಗೆ ಯಾವುದು ಎಲ್ಲಿ ಎಂದು ತಿಳಿಯುವುದಿಲ್ಲ. ನಮ್ಮ ಸಲಹೆ ಇಷ್ಟು: ಟೋಟಲ್ ಇಂಡೆಕ್ಸ್ ಮುಖ್ಯವಾದರೆ ‘ಸೋಬೊಲ್‌ಜಾನ್ಸೆನ್’, ಫಸ್ಟ್ ಆರ್ಡರ್, ಟೋಟಲ್ ಎರಡೂ ಸ್ಥಿರವಾಗಿ ಬೇಕಾದರೆ ‘ಸೋಬೊಲ್‌ಮಾರ್ಟಿನೆಜ್’, ಸಣ್ಣ ಸಣ್ಣ ಇಂಡೆಕ್ಸ್‌ಗಳನ್ನೇ ನಿಖರವಾಗಿ ಹಿಡಿಯಬೇಕಾದರೆ ‘ಸೋಬೊಲ್2007’. ‘ಸೋಬೊಲ್2002’ ಮುಟ್ಟದಿರುವುದೇ ವಾಸಿ. ಉತ್ತರದ ಸರಾಸರಿ ದೊಡ್ಡದಿದ್ದು ಏರಿಳಿತ ಸಣ್ಣದಿದ್ದಾಗ ಅದರ ಲೆಕ್ಕ ಹಳಿ ತಪ್ಪುತ್ತದೆ. ಆಲಮಟ್ಟಿ ಜಲಾಶಯದ ಮಟ್ಟವನ್ನು ಉತ್ತರವಾಗಿ ಹಿಡಿದ ಮಾಡೆಲ್ ನೆನೆಯಿರಿ. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಮಾಡೆಲ್‌ನ ಏರಿಳಿತವೋ ಒಂದೆರಡು ಮೀಟರ್. ಐನೂರರ ವರ್ಗದಿಂದ ಐನೂರರ ವರ್ಗ ಕಳೆದು ಆ ಸಣ್ಣ ವ್ಯತ್ಯಾಸ ಹಿಡಿಯಲು ಹೋದರೆ ಸ್ಯಾಂಪಲ್‌ನ ಗದ್ದಲವೇ ಉತ್ತರವನ್ನು ನುಂಗುತ್ತದೆ. ಆ ಫಂಕ್ಷನ್ನನ್ನೇ ಬಳಸಬೇಕಾದರೆ ಉತ್ತರದಿಂದ ಸರಾಸರಿ ಕಳೆದು ಕೊಡಿ ಎಂದು ಸಹಾಯ ಪುಟವೂ ಹೇಳುತ್ತದೆ. ಜಾನ್ಸೆನ್, ಮಾರ್ಟಿನೆಜ್ ಸೂತ್ರಗಳಿಗೆ ಈ ಕಾಟವಿಲ್ಲ.

ಖರ್ಚಾಗುವ ಓಟಗಳ, ಅಂದರೆ ಮಾಡೆಲ್ ಎಷ್ಟು ಸಲ ಓಡಬೇಕು ಎಂಬುದರ ಲೆಕ್ಕ: ಇನ್‌ಪುಟ್ ಸಂಖ್ಯೆಗೆ ಎರಡು ಕೂಡಿಸಿ ಸ್ಯಾಂಪಲ್ ಗಾತ್ರದಿಂದ ಗುಣಿಸಿ. ಕಬ್ಬಿನ ಮೂರು ಇನ್‌ಪುಟ್‌ಗೆ ಗಾತ್ರ 10,000 ಇಟ್ಟರೆ 50,000 ಓಟ, ಇದು ಆರ್‌ಗೆ ಏನೂ ಅಲ್ಲ. ಆದರೆ ಮಲಪ್ರಭಾ ಕಣಿವೆಗೆ ಕಟ್ಟಿದ ಸ್ವಾಟ್ ಮಾಡೆಲ್ ಒಂದು ಓಟಕ್ಕೆ ಎರಡು ನಿಮಿಷ ತಗೊಳ್ಳುತ್ತದೆ ಎಂದುಕೊಳ್ಳಿ, ಇನ್‌ಪುಟ್ 20. ಗಾತ್ರ 1,000 ಇಟ್ಟರೂ 22,000 ಓಟ, ಸುಮಾರು 733 ಗಂಟೆ, ಅಂದರೆ ತಿಂಗಳಿಡೀ ಕಂಪ್ಯೂಟರ್ ಆರಿಸುವಂತಿಲ್ಲ. ಇಂಥಲ್ಲಿ ಮೊದಲು ಮೋರಿಸ್ ವಿಧಾನ ಹಿಡಿಯಬೇಕು. 1991ರಲ್ಲಿ ಬಂದ ಈ ವಿಧಾನಕ್ಕೆ ಇನ್‌ಪುಟ್ ಸಂಖ್ಯೆಗೆ ಒಂದು ಕೂಡಿಸಿ, ಪಥಗಳ (ಒಂದು ಸಲಕ್ಕೆ ಒಂದೇ ಇನ್‌ಪುಟ್ ಸರಿಸುತ್ತ ಹೋಗುವ ಓಟಗಳ ಸಾಲು) ಸಂಖ್ಯೆಯಿಂದ ಗುಣಿಸಿದರೆ ಆಯಿತು: 20 ಇನ್‌ಪುಟ್, 10 ಪಥ, 210 ಓಟ, ಏಳು ಗಂಟೆ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಸಿದ್ಧ. ಪಾಲು ಎಷ್ಟೆಂದು ಮೋರಿಸ್ ಹೇಳುವುದಿಲ್ಲ, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂದು ಹೇಳುತ್ತದೆ. ಹದಿನಾಲ್ಕು ಇನ್‌ಪುಟ್ಟನ್ನು ಅದರಿಂದ ಕೈಬಿಟ್ಟು, ಉಳಿದ ಆರಕ್ಕೆ ಸೋಬೊಲ್ ಮಾಡಿದರೆ ಗಾತ್ರ 1,000ಕ್ಕೆ 8,000 ಓಟ. ಅದನ್ನು ಲ್ಯಾಬ್‌ನ ನಾಲ್ಕು ಕಂಪ್ಯೂಟರ್‌ಗಳಿಗೆ ಹಂಚಿದರೆ ಮೂರು ದಿನದೊಳಗೆ ಮುಗಿಯುತ್ತದೆ.

‘ಮೋರಿಸ್’ ಫಂಕ್ಷನ್‌ನಲ್ಲಿ ಲೆವೆಲ್‌ಗಳು (ಮಿತಿಯೊಳಗಿನ ಮೆಟ್ಟಿಲುಗಳು) ಸಮಸಂಖ್ಯೆ ಇರಲಿ, ಗ್ರಿಡ್ ಜಂಪ್ (ಒಂದು ಸಲಕ್ಕೆ ಜಿಗಿಯುವ ಮೆಟ್ಟಿಲು) ಅದರ ಅರ್ಧ ಇರಲಿ: 4ಕ್ಕೆ 2, 6ಕ್ಕೆ 3. ಕನಿಷ್ಠ–ಗರಿಷ್ಠ ಮಿತಿಗಳನ್ನು ಬರೆಯಲು ಮರೆತರೆ ಪ್ಯಾಕೇಜ್ ಸೊನ್ನೆಯಿಂದ ಒಂದು ಎಂದು ಹಿಡಿಯುತ್ತದೆ, ಕೇಳುವುದೂ ಇಲ್ಲ. ಆಗ ಕಬ್ಬಿನ ಮಾಡೆಲ್‌ಗೆ ದಕ್ಷತೆ ಸೊನ್ನೆ ಹೋಗಿ, ಸೊನ್ನೆಯಿಂದ ಭಾಗಿಸಿ, ಅನಂತ ಲೀಟರ್ ನೀರು ಬರುತ್ತದೆ. ಹಾಗೆ ಬಂದರೆ ಅದೃಷ್ಟ, ತಪ್ಪು ಕಣ್ಣಿಗೆ ಬೀಳುತ್ತದೆ. ಭಾಗಾಕಾರವಿಲ್ಲದ ಮಾಡೆಲ್‌ನಲ್ಲಿ ತಾಪಮಾನ 0ರಿಂದ 1 ಡಿಗ್ರಿ ಎಂದು ಹಿಡಿದು ಸಲೀಸಾಗಿ ಉತ್ತರ ಕೊಟ್ಟುಬಿಡುತ್ತದೆ. ಓಡಿಸುವ ಮುಂಚೆ ಪಟ್ಟಿಯ ಮೇಲೆ ‘ಸಮ್ಮರಿ’ ಹಚ್ಚಿ ಪ್ರತಿ ಕಾಲಂನ ಕನಿಷ್ಠ, ಗರಿಷ್ಠ ಕಣ್ಣಾರೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಉತ್ತರದಲ್ಲಿ ಮ್ಯೂ-ಸ್ಟಾರ್ (ಏರಿಕೆ ಇಳಿಕೆಯ ಚಿಹ್ನೆ ಬಿಟ್ಟು ತೆಗೆದ ಪರಿಣಾಮದ ಸರಾಸರಿ) ದೊಡ್ಡದಿದ್ದರೆ ಆ ಇನ್‌ಪುಟ್ ಮುಖ್ಯ. ಸಿಗ್ಮಾ (ಆ ಪರಿಣಾಮದ ಏರಿಳಿತ) ಕೂಡ ದೊಡ್ಡದಿದ್ದರೆ ಅದರ ಪರಿಣಾಮ ಸರಳರೇಖೆಯಲ್ಲಿಲ್ಲ, ಇಲ್ಲವೇ ಬೇರೆ ಇನ್‌ಪುಟ್ ಜೊತೆ ಹೆಣೆದುಕೊಂಡಿದೆ. ಬರೇ ಮ್ಯೂ (ಚಿಹ್ನೆ ಸಹಿತ ಸರಾಸರಿ) ನೋಡಬೇಡಿ, ಏರಿಕೆ ಇಳಿಕೆ ಒಂದನ್ನೊಂದು ಹೊಡೆದುಹಾಕಿ ಮುಖ್ಯವಾದ ಇನ್‌ಪುಟ್ ಕೂಡ ಸೊನ್ನೆಯ ಹತ್ತಿರ ಕಾಣಬಹುದು.

ಸೋಬೊಲ್ ಇಂಡೆಕ್ಸ್ −0.02 ಎಂದು ಬಂದರೆ ಗಾಬರಿ ಬೇಡ. ಅದು ಸ್ಯಾಂಪಲ್ ಸಾಲದ್ದರ ಗುರುತು. ಬೂಟ್‌ಸ್ಟ್ರಾಪ್ (ಅದೇ ಸ್ಯಾಂಪಲ್‌ನಿಂದ ಮತ್ತೆ ಮತ್ತೆ ಆಯ್ದು ಲೆಕ್ಕ ಮಾಡುವುದು) 100 ಎಂದು ಕೊಟ್ಟರೆ ಪ್ರತಿ ಇಂಡೆಕ್ಸ್‌ಗೂ ಕೆಳಮಿತಿ ಮೇಲ್ಮಿತಿ ಬರುತ್ತವೆ. ಆ ಅಂತರದ ಒಳಗೆ ಸೊನ್ನೆ ಇದ್ದರೆ ಆ ಇನ್‌ಪುಟ್ ಬಗ್ಗೆ ಇನ್ನೂ ಏನೂ ಹೇಳುವಂತಿಲ್ಲ. ಗಾತ್ರ ದ್ವಿಗುಣ ಮಾಡುತ್ತ ಹೋಗಿ, ಅಂತರ 0.05ಕ್ಕಿಂತ ಕಿರಿದಾದಾಗ ನಿಲ್ಲಿಸಿ. −0.3 ಎಂಬಂಥ ಅಂಕಿ ಗಾತ್ರ ಹೆಚ್ಚಿಸಿದರೂ ಹೋಗದಿದ್ದರೆ ಮಾತ್ರ ಕೋಡ್‌ನಲ್ಲಿ ಹುಳ ಹುಡುಕಿ. ಕೋಷ್ಟಕ ಪ್ರಕಟಿಸುವಾಗ ಈ ಮಿತಿಗಳಿಲ್ಲದೆ ಬರೇ ಇಂಡೆಕ್ಸ್ ಹಾಕುವುದನ್ನು ಯಾವ ಗೈಡೂ ಒಪ್ಪಬಾರದು.

ಇನ್ನು ಇಡೀ ಕೆಲಸದ ಮರ್ಮಸ್ಥಾನಕ್ಕೆ ಬರೋಣ: ಮಿತಿಗಳು. ಮೇಲಿನ ಕಬ್ಬಿನ ಲೆಕ್ಕದಲ್ಲಿ ಇಟಿ 4ರಿಂದ 8 ಎಂದು ಹಿಡಿದದ್ದು ವರ್ಷದ ಏರಿಳಿತ. ಪ್ರಶ್ನೆ ‘ಮೇ ತಿಂಗಳ ಒಂದು ದಿನ ಎಷ್ಟು ನೀರು ಬಿಡಬೇಕು’ ಎಂದಾದರೆ ಆ ದಿನದ ಇಟಿ 6.5ರಿಂದ 7.5ರೊಳಗೆ ಇರುತ್ತದೆ ಎಂದು ಹಿಡಿಯಬಹುದು. ಆಗ ಅದೇ ಮಾಡೆಲ್, ಅದೇ ಸಾಫ್ಟ್‌ವೇರ್ ಇಟಿಗೆ 0.05, ಗುಣಾಂಕಕ್ಕೆ 0.15, ದಕ್ಷತೆಗೆ 0.79 ಕೊಡುತ್ತದೆ. ಹವೆಯಲ್ಲ, ನೀರು ಬಿಡುವ ಪದ್ಧತಿಯೇ ಎಲ್ಲ ಎಂದಂತಾಯಿತು. ಇನ್ನೊಂದು ಕಡೆ, ಇಟಿಯನ್ನು 4ರಿಂದ 8ಕ್ಕೇ ಬಿಟ್ಟು, ಹೊಲಕ್ಕೆ ಪೂರ್ತಿ ಡ್ರಿಪ್ ಹಾಕಿದ್ದಾರೆ ಎಂದು ದಕ್ಷತೆಯನ್ನು 0.85ರಿಂದ 0.95ಕ್ಕೆ ಕಟ್ಟಿದರೆ ಇಟಿ 0.84, ಗುಣಾಂಕ 0.13, ದಕ್ಷತೆ 0.02. ಮೂರು ಸಲವೂ ಸೂತ್ರ ಬದಲಾಗಿಲ್ಲ, ಮಿತಿ ಬದಲಾಗಿದೆ. ಅದಕ್ಕಾಗಿ ಮಿತಿ ಎಲ್ಲಿಂದ ತಂದಿರಿ ಎಂಬುದು ಯಾವ ಫಂಕ್ಷನ್ ಬಳಸಿದಿರಿ ಎಂಬುದಕ್ಕಿಂತ ನೂರು ಪಾಲು ಮುಖ್ಯ. ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿ ಇವೆ, ಬೆಳೆಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಂಥ ಸಂಸ್ಥೆಗಳ ಪ್ರಯೋಗದ ತಾಕುಗಳಿವೆ, ಸಕ್ಕರೆಗೆ ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಅವುಗಳಿಂದ ತಂದ ಮಿತಿ ಇಟ್ಟು ಎಕ್ಸೆಲ್‌ನಲ್ಲಿ ಮಾಡಿದ ಲೆಕ್ಕ, ಕಣ್ಣು ಮುಚ್ಚಿ ಶೇ. 10 ಇಟ್ಟು ಆರ್‌ನಲ್ಲಿ ಮಾಡಿದ ಲೆಕ್ಕಕ್ಕಿಂತ ಬೆಲೆಯುಳ್ಳದ್ದು.

ಮಳೆಯಂಥ ಇನ್‌ಪುಟ್‌ಗೆ ಯೂನಿಫಾರ್ಮ್ ಹೊಂದುವುದಿಲ್ಲ, ಅದರ ಹಂಚಿಕೆ ಒಂದು ಕಡೆ ವಾಲಿರುತ್ತದೆ. ಸೊನ್ನೆಯಿಂದ ಒಂದರ ಸ್ಯಾಂಪಲ್ ತೆಗೆದು ಆರ್‌ನ ‘ಕ್ಯುಗಾಮಾ’ ಫಂಕ್ಷನ್ ಮೂಲಕ ಹಾಯಿಸಿದರೆ ಗಾಮಾ ಹಂಚಿಕೆ ಸಿಗುತ್ತದೆ.

ಇನ್‌ಪುಟ್‌ಗಳ ನಡುವೆ ಸಂಬಂಧವಿದ್ದರೆ ಸೋಬೊಲ್ ನಂಬಲರ್ಹವಲ್ಲ. ತಾಪಮಾನ ಏರಿದಾಗ ತೇವಾಂಶ ಇಳಿಯುವುದು ವಿಜಯಪುರದಲ್ಲಿ ಯಾರಿಗೂ ಹೊಸದಲ್ಲ. ಎರಡನ್ನೂ ಸ್ವತಂತ್ರ ಎಂದು ಹಿಡಿದರೆ ಪ್ರಕೃತಿಯಲ್ಲಿ ಎಂದೂ ಕಾಣದ ದಿನಗಳ ಮೇಲೆ ಮಾಡೆಲ್ ಓಡುತ್ತದೆ. ಇಲ್ಲಿ ‘ಸೆನ್ಸಿಟಿವಿಟಿ’ ಪ್ಯಾಕೇಜ್ ಗೆಲ್ಲುತ್ತದೆ, ಸಂಬಂಧವಿರುವ ಇನ್‌ಪುಟ್‌ಗಳಿಗೂ ಪಾಲು ಹಂಚುವ ಶೇಪ್ಲಿ ಪರಿಣಾಮ ಲೆಕ್ಕ ಹಾಕುವ ಫಂಕ್ಷನ್‌ಗಳು ಇದರಲ್ಲಿವೆ. ‘ಶೇಪ್ಲಿಪರ್ಮ್‌ಎಕ್ಸ್’ಗೆ ಒಂದು ಇನ್‌ಪುಟ್ ಗೊತ್ತಿದ್ದಾಗ ಉಳಿದವು ಹೇಗೆ ಹಂಚಿಕೆಯಾಗುತ್ತವೆ ಎಂಬ ಫಂಕ್ಷನ್ನನ್ನು ನೀವೇ ಬರೆದು ಕೊಡಬೇಕು, ಅದು ಸುಲಭವಲ್ಲ, ಇನ್‌ಪುಟ್ ಹೆಚ್ಚಾದಂತೆ ಸಮಯವೂ ವಿಪರೀತ ಏರುತ್ತದೆ. ಕೈಯಲ್ಲಿ ಬರೇ ದತ್ತಾಂಶ ಇದೆ ಎಂದರೆ ‘ಸೋಬೊಲ್‌ಶಾಪ್-ಕೆಎನ್‌ಎನ್’ ಹತ್ತಿರದ ಬಿಂದುಗಳನ್ನು ಬಳಸಿ ಅಂದಾಜು ಕೊಡುತ್ತದೆ.

‘ಸೆನ್ಸೋಬೊಲ್’ ಇದಕ್ಕಿಂತ ಚಿಕ್ಕದು, ಹೊಸದು, ಬಹುಮಟ್ಟಿಗೆ ಸೋಬೊಲ್‌ಗೆ ಮೀಸಲು. ಹೊಸಬರಿಗೆ ನಾವು ಇದನ್ನೇ ಮೊದಲು ಹೇಳುತ್ತೇವೆ. ಎರಡು ಸ್ಯಾಂಪಲ್ ಹುಟ್ಟಿಸುವ ತಲೆನೋವಿಲ್ಲ, ಒಂದೇ ಫಂಕ್ಷನ್ ಎಲ್ಲ ಕೋಷ್ಟಕವನ್ನೂ ಕೊಡುತ್ತದೆ, ಅದೂ ಸಾಮಾನ್ಯ ಯಾದೃಚ್ಛಿಕ ಸಂಖ್ಯೆಗಿಂತ ಸಮನಾಗಿ ಹರಡುವ ಸೋಬೊಲ್ ಸರಣಿಯಿಂದ. ಡಮ್ಮಿ ಇನ್‌ಪುಟ್ ಎಂಬ ಸೌಲಭ್ಯ ಬಹಳ ಉಪಯುಕ್ತ: ಮಾಡೆಲ್‌ಗೆ ಸಂಬಂಧವೇ ಇಲ್ಲದ ಒಂದು ಇನ್‌ಪುಟ್‌ನ ಇಂಡೆಕ್ಸ್ ಎಷ್ಟು ಬರುತ್ತದೆ ನೋಡಿ, ಅದಕ್ಕಿಂತ ಕೆಳಗಿರುವುದನ್ನೆಲ್ಲ ಗದ್ದಲ ಎಂದು ಬಿಡಬಹುದು. ಕೊಡುವ ಕೋಷ್ಟಕ ಸೊನ್ನೆಯಿಂದ ಒಂದರಲ್ಲೇ ಇರುತ್ತದೆ, ಅದನ್ನು ನಿಮ್ಮ ಮಿತಿಗೆ ಬದಲಿಸುವ ಕೆಲಸ ನಿಮ್ಮದು ಎಂಬುದನ್ನು ಮಾತ್ರ ಮರೆಯಬೇಡಿ. ಪೈಥಾನ್ ಬಲ್ಲವರು ‘ಸಾಲಿಬ್’ ಬಿಟ್ಟು ಇತ್ತ ಬರುವ ಅಗತ್ಯವಿಲ್ಲ. ಅದರಲ್ಲಿ ಗಾತ್ರ 1,024, 2,048 ಹೀಗೆ ಎರಡರ ಘಾತದಲ್ಲಿರಲಿ. ಸೆಕೆಂಡ್ ಆರ್ಡರ್ ಇಂಡೆಕ್ಸ್ ತಾನಾಗಿಯೇ ಆನ್ ಇರುತ್ತದೆ, ಅದು ಓಟಗಳನ್ನು ಹೆಚ್ಚುಕಡಿಮೆ ದ್ವಿಗುಣ ಮಾಡುತ್ತದೆ. ಬೇಡವಾದರೆ ಸ್ಯಾಂಪಲ್ ತೆಗೆಯುವಲ್ಲಿಯೂ ವಿಶ್ಲೇಷಣೆಯಲ್ಲಿಯೂ ಎರಡೂ ಕಡೆ ಆಫ್ ಮಾಡಬೇಕು, ಒಂದೇ ಕಡೆ ಮಾಡಿದರೆ ಲೆಕ್ಕ ತಾಳೆಯಾಗುವುದಿಲ್ಲ.

ಚಾರ್ಟ್‌ಗಳ ವಿಷಯ. ರೈತರ ಮುಂದೆ ಇಡುವ ಕರಪತ್ರಕ್ಕೆ ಕನ್ನಡದಲ್ಲಿ ಹೆಸರು ಬರೆದ ಚಾರ್ಟ್ ಬೇಕಾದಾಗ ಆರ್‌ನ ಮಾಮೂಲಿ ಪಿಡಿಎಫ್ ದಾರಿ ಕೈಕೊಡುತ್ತದೆ. ‘ಕ್ಷ’, ‘ಷ್ಟ’ದಂಥ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ, ಇಲ್ಲವೇ ಚುಕ್ಕೆಗಳಾಗಿ ಬೀಳುತ್ತವೆ. ‘ರಾಗ್’ ಪ್ಯಾಕೇಜ್ ಹಾಕಿಕೊಂಡು ಪಿಎನ್‌ಜಿಯಲ್ಲಿ 300 ಡಿಪಿಐಗೆ ಸೇವ್ ಮಾಡಿ, ಫಾಂಟ್‌ಗೆ ನೋಟೊ ಸ್ಯಾನ್ಸ್ ಕನ್ನಡ ಇಲ್ಲವೇ ವಿಂಡೋಸ್‌ನಲ್ಲೇ ಇರುವ ನಿರ್ಮಲಾ ಯುಐ ಕೊಡಿ, ಅಕ್ಷರ ಸರಿಯಾಗಿ ಕೂಡುತ್ತದೆ. ಎಕ್ಸೆಲ್‌ನಿಂದ ಸೇವ್ ಮಾಡಿದ ಸಿಎಸ್‌ವಿಯಲ್ಲಿ ಕನ್ನಡ ಕಾಲಂ ಹೆಸರಿದ್ದರೆ ಓದುವಾಗ ‘ಫೈಲ್‌ಎನ್‌ಕೋಡಿಂಗ್’ ಜಾಗದಲ್ಲಿ ‘ಯುಟಿಎಫ್-8-ಬಾಮ್’ ಎಂದು ಬರೆಯಿರಿ. ಇಲ್ಲದಿದ್ದರೆ ಮೊದಲ ಕಾಲಂನ ಹೆಸರಿಗೆ ಕಣ್ಣಿಗೆ ಕಾಣದ ಅಕ್ಷರ ಅಂಟಿಕೊಂಡು, ಆ ಹೆಸರಿನ ಇನ್‌ಪುಟ್ಟೇ ಇಲ್ಲವೆಂದು ಆರ್ ಹಟ ಹಿಡಿಯುತ್ತದೆ.